ಅಳಿಯ ಕೊಟ್ಟ ಆಲ್ಬಂ

ಸಿನಿಮಾದಲ್ಲಾದರೆ ಎಲ್ಲ ಮೊದಲೇ ಗೊತ್ತಾಗಿಬಿಡುತ್ತದೆ, ನೋಡಿ. ಗುಡುಗು, ಮಿಂಚು, ಪಿಟೀಲಿನ ಅಳು! ಹುಡುಗನ ಮನಸ್ಸಿನಲ್ಲಿ ಆಗಬಾರದ್ದೇನೋ ನಡೆಯುತ್ತಿದೆ ಅಂತ ಗಾಂಧಿ ಕ್ಲಾಸಿನವನಿಗೂ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಹಿನ್ನೆಲೆ ಸಂಗೀತ ಇರಲಿಲ್ಲ.

2019ರ ಬೇಸಿಗೆ. ಅಕ್ಕನ ಮಗ ಸೆಕೆಂಡ್ ಪಿಯುಸಿಯಲ್ಲಿ ಎರಡು ವಿಷಯ ಫೇಲಾಗಿದ್ದ. ಅಳಲಿಲ್ಲ, ಕೂಗಾಡಲಿಲ್ಲ. ಒಂದು ಸಂಜೆ ಬಂದು ತನ್ನ ಆಲ್ಬಂ ನನ್ನ ಕೈಗಿಟ್ಟ. ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಪುನೀತ್ ಚಿತ್ರಗಳು. ಯಾರಿಗೂ ಮುಟ್ಟಗೊಡದಿದ್ದ ಆಸ್ತಿ!

“ಮಾಮ, ಇದು ನೀವೇ ಇಟ್ಕೊಳ್ಳಿ. ನನಗಿನ್ಯಾಕೆ?”

ಆ “ಇನ್ಯಾಕೆ” ಎದೆಗೆ ಚುಚ್ಚಿತು. ಕೇಳಲೋ, ಬೇಡವೋ? ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದ ಹಾಗಾದರೆ? ಕಾಫಿ ಆರಿಹೋಯಿತು. ಕೊನೆಗೆ ಕೇಳಿಯೇಬಿಟ್ಟೆ:

“ಸಾಯೋ ಯೋಚನೆ ಏನಾದ್ರೂ ಬಂದಿದೆಯೇನೋ?”

ತುಂಬ ಹೊತ್ತು ನೆಲ ನೋಡಿದ. “ಹೂಂ” ಅಂದ. ಅಂದವನೇ ಬಿಕ್ಕಿಬಿಕ್ಕಿ ಅತ್ತ.

ಉಪದೇಶ ಮಾಡಲಿಲ್ಲ, ಬಾಯಿಗೆ ಬರಲೂ ಇಲ್ಲ. ಆ ರಾತ್ರಿ ಅವನನ್ನು ಒಬ್ಬನೇ ಬಿಡಲಿಲ್ಲ. ಅಕ್ಕ-ಭಾವನನ್ನು ಕರೆಸಿದೆ. ಮರುದಿನ ಎಲ್ಲರೂ ಮನೋವೈದ್ಯರ ಮುಂದೆ ಕೂತಿದ್ದೆವು. ನನ್ನ ಭಯ ಹೇಳಿಕೊಂಡಾಗ ಡಾಕ್ಟರು, “ಕೇಳಿದ್ದೇ ಒಳ್ಳೇದಾಯ್ತು” ಅಂದರು.

ಆಮೇಲೆ ಓದಿ ತಿಳಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ 6 ಹೈಸ್ಕೂಲುಗಳಲ್ಲಿ 2,342 ಮಕ್ಕಳನ್ನಿಟ್ಟುಕೊಂಡು ಮ್ಯಾಡೆಲಿನ್ ಗೌಲ್ಡ್ ಎಂಬಾಕೆ ಇದನ್ನೇ ಪರೀಕ್ಷಿಸಿದ್ದರು. ಸುಮಾರು ಅರ್ಧ ಮಕ್ಕಳಿಗೆ ಆತ್ಮಹತ್ಯೆಯ ಯೋಚನೆ ಬಗ್ಗೆ ಮೊದಲೇ ಕೇಳಿದರು, ಉಳಿದವರಿಗೆ ಕೇಳಲಿಲ್ಲ. 2005ರಲ್ಲಿ ಫಲಿತಾಂಶ ಪ್ರಕಟವಾಯಿತು: ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಲಿಲ್ಲ. ಖಿನ್ನತೆಯಲ್ಲಿದ್ದ ಮಕ್ಕಳ ಸಂಕಟವಂತೂ, ಕೇಳಿಸಿಕೊಳ್ಳದವರಿಗಿಂತ ಕಡಿಮೆಯೇ ಇತ್ತು!

ಪ್ರಿಯ ಓದುಗರೇ, ಪ್ರೀತಿಯ ವಸ್ತು ಹಂಚಿಬಿಡುವುದು, ಗೆಳೆಯರಿಂದ ದೂರ ಸರಿಯುವುದು, ನಿದ್ದೆಗೆಡುವುದು, “ನಾನು ನಿಮಗೆ ಭಾರ” ಅನ್ನುವುದು... ಇವನ್ನು ಕಂಡರೆ ಸುಮ್ಮನಿರಬೇಡಿ. ನೇರವಾಗಿ ಕೇಳಿ, ಜೊತೆಗಿರಿ, ಡಾಕ್ಟರ ಬಳಿ ಕರೆದುಕೊಂಡು ಹೋಗಿ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ-ಮಾನಸ್ ಕೂಡ ಇದೆ. 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಾಸಿಲ್ಲ.

ನಮ್ಮ ಹುಡುಗ ಒಂದು ವಿಷಯ ಸಪ್ಲಿಮೆಂಟರಿಯಲ್ಲಿ, ಇನ್ನೊಂದು ಮರುವರ್ಷ ಪಾಸು ಮಾಡಿಕೊಂಡ. 2021ರ ಅಕ್ಟೋಬರ್ 29, ಅಪ್ಪು ಹೋದ ದಿನ. ಸಂಜೆ ಓಡಿಹೋಗಿ ಅದೇ ಪ್ರಶ್ನೆ ಮತ್ತೆ ಕೇಳಿದೆ. ಈ ಸಲ ನಾಲಿಗೆ ತಡವರಿಸಲಿಲ್ಲ.

“ಇಲ್ಲ ಮಾಮ, ಅಳು ಬರ್ತಿದೆ ಅಷ್ಟೇ” ಅಂದ. ಕಣ್ಣೊರೆಸಿಕೊಂಡು ಕೇಳಿದ: “ನನ್ನ ಆಲ್ಬಂ ವಾಪಸ್ ಕೊಡ್ತೀರಾ?”