ಕಡಲ ತಡಿಯ ಒಂದು ಪಾಲು

ಹುಬ್ಬಳ್ಳಿಯಿಂದ ಹೊರಟು, ಯಲ್ಲಾಪುರವನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯ ಮಾರ್ಗವಾಗಿ ನಾವು ಕಾರವಾರವನ್ನು ಸೇರಿದಾಗ ಹೊತ್ತು ಇಳಿಯತೊಡಗಿತ್ತು. ಜೋಳದ ಹೊಲಗಳ ನಡುವೆ ಬೆಳೆದ ನಮಗೆ ಕಡಲೆಂದರೆ ಒಮ್ಮೆ ನೋಡಿ ಬರುವ ಸೊಬಗು. ನಮ್ಮ ಮನೆಯವರಿಗಾದರೋ ಅದು ಬಾಲ್ಯದ ಅಂಗಳ. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರ ತಂದೆಯವರು 1966ರಿಂದ ನಾಲ್ಕು ವರ್ಷ ಇಲ್ಲಿದ್ದರು.

ಈ ತಡಿಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದಿದ್ದ ತರುಣ ಕವಿ, ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಇಲ್ಲಿಯೇ ರಚಿಸಿದರು. ಲೋಕವನ್ನು ಗೆದ್ದೆನೆಂದು ಬೀಗಿದ ಸನ್ಯಾಸಿಯೊಬ್ಬನನ್ನು ಅನಾಥ ಬಾಲಕಿಯ ಮಮತೆ ಮತ್ತೆ ಲೋಕಕ್ಕೆ ಸೆಳೆಯುವ ಕಥೆಯದು.

ಗಾಳಿಮರಗಳ ಸಾಲನ್ನು ದಾಟಿ ಒದ್ದೆ ಮರಳಿನ ಮೇಲೆ ನಡೆಯುತ್ತಿರಲು, ನಮ್ಮ ಮನೆಯವರು ಒಮ್ಮೆಲೆ ನಿಂತು, “ರಂಪಣಿ ಎಳೆಯುತ್ತಿದ್ದುದು ಇಲ್ಲಿಯೇ” ಎಂದರು. ದೋಣಿಯು ಉದ್ದನೆಯ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು ಬರುವುದು. ದಡದಲ್ಲಿ ಎರಡು ಗುಂಪಾಗಿ ನಿಂತ ಹತ್ತಾರು ಜನ ಅದರ ಎರಡು ತುದಿಯ ಹಗ್ಗಗಳನ್ನು ಹಿಡಿದು ಎಳೆಯುವರು. ಎಳೆದವರಿಗೆಲ್ಲ ಪಾಲುಂಟು. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದ ಮೇಲೆ ಈ ಪದ್ಧತಿ ಕ್ಷೀಣಿಸಿತು.

ಒಂಬತ್ತು ವರ್ಷದ ಹುಡುಗಿ ಒಂದು ಮುಂಜಾನೆ ಆಟಕ್ಕೆಂದು ಹಗ್ಗಕ್ಕೆ ಕೈ ಹಚ್ಚಿದಳಂತೆ. ಪಾಲು ಹಂಚುವಾಗ ವೃದ್ಧ ಮೀನುಗಾರನೊಬ್ಬ ಅವಳ ಮುಂದೆ ಬಂಗಡೆ ಮೀನು ಹಿಡಿದನು. “ನಮ್ಮ ಮನೆಯಲ್ಲಿ ತಿನ್ನುವುದಿಲ್ಲ” ಎಂದಳು. ಅವನು ನಗಲಿಲ್ಲ. ಮರುದಿನ ಆ ಪಾಲನ್ನು ಮಾರಿ ಬಂದ ಎಂಟಾಣೆಯನ್ನು ಅವಳ ಅಂಗೈಯಲ್ಲಿಟ್ಟನು.

ಮನೆಯಲ್ಲಿ ತಾಯಿ ಗದರಿದರು. ಕೂಡಲೆ ಹಣವನ್ನು ಮರಳಿಸಿ ಬಾ ಎಂದರು. ವೃದ್ಧನು ಒಪ್ಪಲಿಲ್ಲ. “ಹಗ್ಗ ಹಿಡಿದದ್ದು ನೀನು, ಮಗಾ. ನನ್ನದಲ್ಲದ್ದನ್ನು ನಾನು ಹೇಗೆ ತೆಗೆದುಕೊಳ್ಳಲಿ?” ಎಂದನಂತೆ. ಇದನ್ನು ಕೇಳಿ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆ ನಾಣ್ಯವನ್ನು ದೇವರ ಜಗಲಿಯ ಮೇಲಿಟ್ಟು, “ಅಜ್ಜನಿಗೆ ನಾಲ್ಕು ರೊಟ್ಟಿ ಮಾಡಿ ಕಳಿಸಬೇಕು” ಎಂದರು. ಅಷ್ಟರಲ್ಲಿ ಧಾರವಾಡಕ್ಕೆ ವರ್ಗವಾಯಿತು. ರೊಟ್ಟಿ ಹೋಗಲಿಲ್ಲ. ಆ ತಾಯಿ ಕಣ್ಣು ಮುಚ್ಚುವವರೆಗೂ ಅದನ್ನು ನೆನೆಯುತ್ತಿದ್ದರಂತೆ.

ಆಗ ನಮಗೆ ನಾಚಿಕೆಯಾಯಿತು. ಹೊರಡುವಾಗ ಚೀಲದಲ್ಲಿ ಖಡಕ್ ರೊಟ್ಟಿಯ ಕಟ್ಟನ್ನೂ ಶೇಂಗಾ ಚಟ್ನಿಯನ್ನೂ ಕಂಡು, “ಕಾರವಾರದಲ್ಲಿ ಊಟ ಸಿಗದೇ?” ಎಂದು ನಾವು ಹಾಸ್ಯ ಮಾಡಿದ್ದೆವು.

ತುಸು ದೂರದಲ್ಲಿ ನಾಲ್ವರು ತರುಣರು ಬಲೆಯ ಹರಕನ್ನು ಹೆಣೆಯುತ್ತಿದ್ದರು. ಆ ವೃದ್ಧನ ಹೆಸರೂ ನಮ್ಮ ಮನೆಯವರಿಗೆ ತಿಳಿಯದು, ಯಾರನ್ನು ವಿಚಾರಿಸುವುದು? ಅವರು ನೇರವಾಗಿ ಹೋಗಿ ಕಟ್ಟನ್ನು ಆ ತರುಣರ ಮುಂದಿಟ್ಟರು. “ಇದು ಯಾರಿಗಮ್ಮಾ?” ಎಂದ ಒಬ್ಬ. “ನಿಮ್ಮ ಹಿರಿಯರಿಗೆ ಸಲ್ಲಬೇಕಾದದ್ದು, ತಡವಾಯಿತು” ಎಂದರು. ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಕತ್ತಲಾಗುವವರೆಗೆ ನಾವಿಬ್ಬರೂ ಮರಳಿನ ಮೇಲೆ ಕುಳಿತಿದ್ದೆವು. ಮದುವೆಯಾಗಿ ನಾಲ್ವತ್ತು ವರ್ಷ ಕಳೆದರೂ ಈ ಸಂಗತಿಯನ್ನು ನಮಗೇಕೆ ಹೇಳಲಿಲ್ಲವೆಂದು ಕೇಳಿದೆವು. “ನೀವು ಕೇಳಿರಲಿಲ್ಲ” ಎಂದಷ್ಟೇ ಹೇಳಿದರು. ಆ ಮಾತಿನಲ್ಲಿ ಮುನಿಸಿರಲಿಲ್ಲ. ಆದರೂ ಘಟ್ಟವನ್ನೇರಿ ಮರಳುವಾಗ ದಾರಿಯುದ್ದಕ್ಕೂ ಅದೇ ನಮ್ಮ ಕಿವಿಯಲ್ಲಿತ್ತು.