ಕ್ರಯಕ್ಕೆ ಮುಂಚೆ ಒಂದು ಸುತ್ತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಮನೆ ಕೊಂಡು ನೋಡು’ ಎನ್ನಲಿಲ್ಲ. ಕೊಳ್ಳುವುದರಲ್ಲಿ ಅಂಥ ಕಷ್ಟವೇನಿದೆ ಎಂದುಕೊಂಡಿದ್ದರೋ ಏನೋ. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿಯೇ ಹಗ್ಗ ಹಿಡಿಯುತ್ತಾನೆ. ಅದೇ ಮನುಷ್ಯ ಮನೆ ಕೊಳ್ಳುವಾಗ ಪತ್ರಗಳನ್ನು ವಕೀಲರಿಗೆ ತೋರಿಸಿ, ನಡುಮನೆಯಲ್ಲಿ ಕೂತು ಕಾಫಿ ಕುಡಿದು, ಮುಂಗಡ ಕೊಟ್ಟು ಬಂದುಬಿಡುತ್ತಾನೆ. ಮತ್ತೆ ಒಳಗೆ ಕಾಲಿಡುವುದು ಹಾಲುಕ್ಕಿಸುವ ದಿನವೇ.

ಪತ್ರ ಬೇಡವೆಂದಲ್ಲ. ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿ ಎಲ್ಲವೂ ಬೇಕು. ಆದರೆ ಮನೆ ಯಾರದೆಂದು ಅವು ಹೇಳಿಯಾವು, ಹೇಗಿದೆಯೆಂದು ಹೇಳಲಾರವು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಮಾರುವವನು ತನಗೆ ಗೊತ್ತಿರುವ ಮುಖ್ಯ ದೋಷಗಳನ್ನು ತಿಳಿಸಬೇಕು, ನಿಜ. ಆದರೆ ಸಾಮಾನ್ಯ ಎಚ್ಚರದಿಂದ ನೋಡಿದರೆ ಕೊಳ್ಳುವವನಿಗೇ ಕಾಣುವಂಥ ದೋಷಕ್ಕೆ ಆ ಮಾತು ಅನ್ವಯಿಸದು. ಕಣ್ಣಿದ್ದವನು ನೋಡಿಕೊಳ್ಳಲಿ ಎಂಬುದು ಅದರ ತಾತ್ಪರ್ಯ.

ಚಾಮರಾಜನಗರದಲ್ಲಿರುವ ನನ್ನ ಭಾವಮೈದುನ ಗುಂಡ್ಲುಪೇಟೆಯಲ್ಲೊಂದು ಹಳೆಯ ಹೆಂಚಿನ ಮನೆ ಗೊತ್ತುಮಾಡಿದ. ಕೆಲಸ ಮುಗಿಸಿ, ತೆರಕಣಾಂಬಿ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಕತ್ತಲಾಗುತ್ತಿತ್ತು. ಎರಡು ಸಲವೂ ರಾತ್ರಿಯಲ್ಲೇ ನೋಡಿದ್ದ. ‘ಹೆದ್ದಾರಿಗೆ ಇಷ್ಟು ಹತ್ತಿರವಿದ್ದರೂ ಎಂಥ ನಿಶ್ಶಬ್ದ!’ ಎಂದು ಅವನಿಗೆ ಸಂತೋಷ. ಬಂಡೀಪುರದ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿರುವುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಊಟಿಗೂ ವಯನಾಡಿಗೂ ಹೋಗುವ ಲಾರಿಗಳು ಆ ಹೊತ್ತಿನಲ್ಲಿ ಕಾದು ನಿಂತಿರುತ್ತವೆ. ನೋಂದಣಿಯ ಹಿಂದಿನ ದಿನ ಅವನನ್ನು ನಸುಕಿಗೇ ಎಬ್ಬಿಸಿ ಕರೆದೊಯ್ದೆ. ಆರರ ಹೊತ್ತಿಗೆ ಲಾರಿಗಳ ಸಾಲು ಹೊರಟಿತು. ಭಾವಮೈದುನ ಮಾತು ನಿಲ್ಲಿಸಿದ, ಆಡಿದ್ದರೂ ಕೇಳಿಸುತ್ತಿರಲಿಲ್ಲ.

ಮಾರುವವರು ಸಾಮಾನು ಸಾಗಿಸಿದ್ದರು. ಬೀರು ನಿಂತಿದ್ದ ಕಡೆ ಆಳೆತ್ತರಕ್ಕೆ ತೇವವೇರಿತ್ತು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದೆವು; ಅರ್ಧ ಹೋಯಿತು, ಅರ್ಧ ಹಿಂದಕ್ಕೆ ಬಂತು. ಅಟ್ಟದ ಮೇಲೆ ಎರಡು ಕಡೆ ಹೆಂಚಿನ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಬಾವಿಯ ಮೋಟಾರು ಮನೆಯ ಜೊತೆಗೇ ಎಂದು ಕರಾರಾಗಿತ್ತು. ಈಗ ಅದರ ಬೋಲ್ಟುಗಳು ಮಾತ್ರ ಉಳಿದಿದ್ದವು. ಇವೆಲ್ಲ ಬೆಲೆಯಲ್ಲಿ ಹೊಂದಿಸಿಕೊಳ್ಳಬಹುದಾದ ಸಂಗತಿಗಳು, ಹೊಂದಿಸಿಕೊಂಡೆವು ಕೂಡ.

ಹಿತ್ತಲ ಕೋಣೆಯ ಬಾಗಿಲು ಮುಚ್ಚಿತ್ತು. ‘ಅಲ್ಲಿ ಸೌದೆ ಇದೆ’ ಎಂದರು ಮಾರುವವರು. ಆದರೂ ತೆಗೆಸಿದೆವು. ಒಳಗೆ ಒಬ್ಬ ಮುದುಕಿ ಮೊರದ ಮುಂದೆ ಕೂತು ಹುರುಳಿ ಆರಿಸುತ್ತಿದ್ದರು. ಮಾರುವವರ ಸೋದರತ್ತೆ. ಗಂಡ ಸತ್ತಮೇಲೆ, ಇರುವಷ್ಟು ದಿನ ಇಲ್ಲೇ ಇರು ಎಂದು ಅಣ್ಣ ಬಾಯಿಮಾತಿನಲ್ಲಿ ಕೊಟ್ಟ ಕೋಣೆ ಅದು. ‘ಅವರು ಹೋಗ್ತಾರೆ ಬಿಡಿ’ ಎಂದರು ಮಾರುವವರು. ‘ಎಲ್ಲಿಗೆ?’ ಎಂದೆ. ಉತ್ತರ ಬರಲಿಲ್ಲ. ಆಕೆ ಹುರುಳಿಯಿಂದ ಕಲ್ಲು ತೆಗೆದು ಪಕ್ಕಕ್ಕಿಟ್ಟರು.

ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ ಎಂದಿತ್ತು. ನಡುವೆ ಆಕೆ ಇರುವುದು ಎಲ್ಲೂ ಇರಲಿಲ್ಲ. ಆದರೆ ಅದೇ ಕಾಯ್ದೆಯ 3ನೆಯ ಕಲಮಿನ ವಿವರಣೆಯೊಂದು, ಸ್ವತ್ತಿನಲ್ಲಿ ಯಾರಾದರೂ ವಾಸ್ತವವಾಗಿ ಸ್ವಾಧೀನದಲ್ಲಿದ್ದರೆ ಅವರಿಗಿರಬಹುದಾದ ಹಕ್ಕು ಕೊಳ್ಳುವವನಿಗೆ ಗೊತ್ತಿತ್ತೆಂದೇ ಭಾವಿಸುತ್ತದೆ. ‘ನಾನು ನೋಡಲಿಲ್ಲ’ ಎಂಬ ಮಾತು ಅಲ್ಲಿ ನಡೆಯದು.

ನೋಂದಣಿ ಮೂರು ವಾರ ಮುಂದಕ್ಕೆ ಹೋಯಿತು. ತಂಗಿಯ ಮಗಳು ತೆರಕಣಾಂಬಿಗೆ ಕರೆಯುತ್ತಿದ್ದಾಳೆ, ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ ಎಂದರು ಮುದುಕಿ. ಕ್ರಯದ ಹಣದಲ್ಲಿ ಒಂದು ಪಾಲು ಆಕೆಯ ಹೆಸರಿನಲ್ಲಿ ಅಂಚೆ ಕಚೇರಿಗೆ ಹೋಯಿತು. ಕ್ರಯಪತ್ರಕ್ಕೆ ಆಕೆಯೂ ಒಪ್ಪಿ ಹೆಬ್ಬೆಟ್ಟೊತ್ತಿದರು. ಲಾರಿಗಳ ಸದ್ದಿಗೆ ಮಾತ್ರ ಯಾರೂ ಪರಿಹಾರ ಕೊಡಲಿಲ್ಲ. ಭಾವಮೈದುನ ಮಲಗುವ ಕೋಣೆಯನ್ನು ಹಿತ್ತಲ ಕಡೆಗೆ ಬದಲಾಯಿಸಿಕೊಂಡ.

ಮನೆ ಕೊಳ್ಳುವವರು ಕೊನೆಯ ಬಾರಿ ಹೋಗುವಾಗ ಹಗಲಿನಲ್ಲಿ ಹೋಗಲಿ. ಸಾಮಾನು ಸಾಗಿದ ಮೇಲೆ, ರುಜು ಬೀಳುವ ಮುಂಚೆ ಹೋಗಲಿ. ನಲ್ಲಿ ತಿರುಗಿಸಲಿ, ಗೋಡೆ ಮುಟ್ಟಲಿ, ಸೌದೆ ಇದೆ ಎಂದ ಬಾಗಿಲನ್ನೂ ತೆಗೆಸಲಿ. ಅಂದು ಆ ಬಾಗಿಲು ತೆಗೆಯದಿದ್ದರೆ, ಹಾಲುಕ್ಕಿಸಿದ ಮಾರನೆಯ ದಿನ ಆ ಮುದುಕಿಯನ್ನು ಹೊರಗೆ ಕಳಿಸುವ ಕೆಲಸ ಮಾರಿದವರದಾಗಿರುತ್ತಿರಲಿಲ್ಲ, ನಮ್ಮದಾಗಿರುತ್ತಿತ್ತು.