ಕಂತಿನ ಕೊನೆಗೆ ಬರುತ್ತಿದ್ದ ಅಜ್ಜ

ದೂರದರ್ಶನದಲ್ಲಿ ‘ಹಮ್ ಲೋಗ್’ ಧಾರಾವಾಹಿ ಆರಂಭವಾದದ್ದು 1984ರ ಜುಲೈ 7ರಂದು. ಆಗ ಅಶೋಕ್ ಕುಮಾರ್ ಅವರಿಗೆ 72 ವರ್ಷ. ಹಿಂದಿ ಚಿತ್ರರಂಗದ ಮೊದಲ ದೊಡ್ಡ ತಾರೆಗಳಲ್ಲಿ ಒಬ್ಬರಾದ ಅವರಿಗೆ ಅದರಲ್ಲಿ ಸಿಕ್ಕಿದ್ದನ್ನು ಪಾತ್ರ ಎನ್ನುವುದೂ ಕಷ್ಟ. ಕಥೆಯೊಳಗೆ ಅವರು ಬರುವುದಿಲ್ಲ. ಬಸೇಸರ್ ರಾಮನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಕಂತು ಮುಗಿದ ಮೇಲೆ ಅರ್ಧ ಮುಕ್ಕಾಲು ನಿಮಿಷ ಪರದೆಯ ಮೇಲೆ ಕಾಣಿಸಿಕೊಂಡು, ಅಂದಿನ ಕಥೆಯ ಬಗ್ಗೆ ನಾಲ್ಕು ಮಾತಾಡಿ ಹೋಗಬೇಕು, ಅಷ್ಟೇ. ‘ಛನ್ ಪಕೈಯಾ’ ಎಂದು ಪ್ರಾಸ ಕಟ್ಟಿ ನಗಿಸುವರು, ಬಳಿಕ ನೋಡುಗರ ಮುಂದೆ ಪ್ರಶ್ನೆಯೊಂದನ್ನು ಇಡುವರು. ಮುಂದಿನ ಕಂತುಗಳಲ್ಲಂತೂ ಧಾರಾವಾಹಿಯ ಹೆಸರನ್ನೇ ಭಾರತದ ಬೇರೆ ಬೇರೆ ಭಾಷೆಗಳಲ್ಲಿ ಹೇಳಿ ಮಾತು ಮುಗಿಸುವರು.

ಮನೆಗೊಂದಲ್ಲ, ಬೀದಿಗೊಂದು ಟಿ.ವಿ. ಇದ್ದ ಕಾಲ ಅದು. ಹಿಂದಿ ಬಾರದ ಕನ್ನಡದ ಮನೆಗಳಲ್ಲಿ ಸಂಭಾಷಣೆಯ ಅರ್ಧ ಭಾಗ ಊಹೆಗೇ ಬಿಟ್ಟದ್ದು. ಆದರೆ ಕೊನೆಗೆ ಬರುತ್ತಿದ್ದ ಅಜ್ಜನ ಮುಖ ಓದಲು ಭಾಷೆ ಬೇಕಿರಲಿಲ್ಲ.

ಈ ಅಜ್ಜ ನಟನಾದದ್ದೇ ಆಕಸ್ಮಿಕ. 1911ರಲ್ಲಿ ಭಾಗಲ್ಪುರದಲ್ಲಿ ಹುಟ್ಟಿದ ಅವರಿಗೆ ಸಿನಿಮಾದ ತಾಂತ್ರಿಕ ಕೆಲಸದಲ್ಲಿ ಆಸಕ್ತಿ. ಮುಂಬಯಿಯ ಬಾಂಬೆ ಟಾಕೀಸ್‌ನಲ್ಲಿ ಲ್ಯಾಬೊರೇಟರಿ ಸಹಾಯಕರಾದರು. ಫಿಲ್ಮಿನ ಮೇಲೆ ಲೇಪಿಸಿದ ಬೆಳ್ಳಿಯ ಲವಣಕ್ಕೆ ಬೆಳಕು ತಾಕಿದಾಗ ಬಿಂಬ ಮೂಡಿರುತ್ತದೆ, ಆದರೆ ಕಣ್ಣಿಗೆ ಕಾಣದು. ಕತ್ತಲ ಕೋಣೆಯಲ್ಲಿ ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಬೆಳಕು ಬಿದ್ದ ಕಡೆಯಲ್ಲೆಲ್ಲ ಕಪ್ಪು ಬೆಳ್ಳಿಯ ಕಣಗಳು ಮೂಡಿ ಚಿತ್ರ ಮೇಲೇಳುತ್ತದೆ. ಆ ಮೇಲೆ ಹೈಪೊದಲ್ಲಿ ತೊಳೆದರೆ ಅದು ನಿಲ್ಲುತ್ತದೆ. ಇಂಥ ಕೋಣೆಗೆ ಸೇರಿದ್ದ ಯುವಕನನ್ನು ಸ್ಟುಡಿಯೊ ಒಡೆಯ ಹಿಮಾಂಶು ರಾಯ್ 1936ರಲ್ಲಿ ‘ಜೀವನ್ ನೈಯಾ’ ಚಿತ್ರದ ನಾಯಕನನ್ನಾಗಿ ನಿಲ್ಲಿಸಿದರು. ನಿರ್ದೇಶಕ ಫ್ರಾಂಜ್ ಆಸ್ಟೆನ್ ಅವರಿಗೆ ಈ ಹುಡುಗನ ಮುಖ ಹಿಡಿಸಿರಲಿಲ್ಲ ಎಂದು ಹೇಳುವುದುಂಟು. ಅದೇ ವರ್ಷ ದೇವಿಕಾ ರಾಣಿ ಜೊತೆಗಿನ ‘ಅಛೂತ್ ಕನ್ಯಾ’ ಬಂತು. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದರಲ್ಲಿ ಅವರದು ಜೇಬುಗಳ್ಳನ ಪಾತ್ರ!

ನಾಯಕ ನಟರಿಗೆ ವಯಸ್ಸಾಗುವುದು ಒಂದು ಸಂಕಟ. ಕೂದಲಿಗೆ ಬಣ್ಣ ಬಳಿದು, ಮಗಳ ವಯಸ್ಸಿನ ನಾಯಕಿಯೊಡನೆ ಮರ ಸುತ್ತುವ ಹಟ ಎಷ್ಟೋ ಜನರನ್ನು ಬಿಡಲಿಲ್ಲ. ಅಶೋಕ್ ಕುಮಾರ್ ಹೆಚ್ಚು ತಡಮಾಡದೆ ಅಣ್ಣನಾದರು, ಅಪ್ಪನಾದರು, ಅಜ್ಜನಾದರು. 1968ರ ‘ಆಶೀರ್ವಾದ್’ನಲ್ಲಿ ಮಕ್ಕಳನ್ನು ಕಟ್ಟಿಕೊಂಡು ರೈಲಿನ ಹಾಡನ್ನು ಸ್ವತಃ ಹಾಡಿದ್ದರು. ‘ಹಮ್ ಲೋಗ್’ನ ಪ್ರಾಸಗಳ ಬೇರು ಅಲ್ಲೇ ಇದ್ದಂತಿದೆ.

ಧಾರಾವಾಹಿಯೂ ಒಂದು ಪ್ರಯೋಗವೇ. ಮೆಕ್ಸಿಕೊದಲ್ಲಿ ಮಿಗೆಲ್ ಸಬಿದೊ ಎಂಬುವರು ಮನೆಮಂದಿಯ ಕಥೆಯೊಳಗೆ ಸಾಕ್ಷರತೆ, ಕುಟುಂಬ ಯೋಜನೆಯಂಥ ವಿಷಯ ಬೆರೆಸಿ ಧಾರಾವಾಹಿ ಮಾಡಿ ಗೆದ್ದಿದ್ದರು. ಅನುಕರಿಸಲು ಒಬ್ಬ ಒಳ್ಳೆಯವ, ಎಚ್ಚರಿಕೆಗೆ ಒಬ್ಬ ಕೆಟ್ಟವ, ನಡುವೆ ಹೊಯ್ದಾಡುವವನೊಬ್ಬ. ಕೊನೆಗೆ ಜನ ನಂಬುವ ಹಿರಿಯರಿಂದ ಎರಡು ಮಾತು. ಇದು ಅವರ ಸೂತ್ರ. ಮಂತ್ರಿ ವಸಂತ ಸಾಠೆ 1982ರಲ್ಲಿ ಅಲ್ಲಿಗೆ ಹೋಗಿ ಬಂದ ಮೇಲೆ ಇಲ್ಲೂ ಪ್ರಯತ್ನ ನಡೆಯಿತು. ಮನೋಹರ ಶ್ಯಾಮ ಜೋಶಿ ಬರೆದರು, ಪಿ. ಕುಮಾರ್ ವಾಸುದೇವ್ ನಿರ್ದೇಶಿಸಿದರು. ಮೊದಲ ಹದಿಮೂರು ಕಂತುಗಳಲ್ಲಿ ಕುಟುಂಬ ಯೋಜನೆಯ ಪಾಠ ಜಾಸ್ತಿಯಾಗಿ ಜನ ಬೇಸತ್ತರು. ಪಾಠ ತಗ್ಗಿಸಿ ಕಥೆ ಹೆಚ್ಚಿಸಿದ ಮೇಲೆ ಬಂಡಿ ಸಾಗಿತು. (ತರಗತಿಗಳಲ್ಲೂ ಇದು ನಡೆಯುವುದೇ.) ಕುಡುಕ ತಂದೆ, ಸಹಿಸಿಕೊಂಡು ಬದುಕುವ ತಾಯಿ ಭಾಗವಂತಿ, ಮದುವೆಯಾಗದ ಬಡ್ಕಿ, ನಟಿಯಾಗಹೊರಟು ಮೋಸಹೋಗುವ ಮಝ್ಲಿ, ಡಾಕ್ಟರಾಗುವ ಕನಸಿನ ಛುಟ್ಕಿ, ಕ್ರಿಕೆಟ್ ಹುಚ್ಚಿನ ನನ್ಹೆ: ನೋಡುವವರ ಮನೆಯಲ್ಲೂ ಇದ್ದವರೇ.

ಈ ಮನೆಯ ಜಗಳ ಕಾವೇರಿದಾಗ ಕಂತು ನಿಂತುಬಿಡುತ್ತಿತ್ತು. ಆಗ ಅಶೋಕ್ ಕುಮಾರ್ ಬರುತ್ತಿದ್ದರು. ತಂದೆಯದು ತಪ್ಪು, ಮಗಳದು ಸರಿ ಎಂದು ತೀರ್ಪು ಕೊಟ್ಟು ಹೋಗಿದ್ದರೆ ಎರಡು ವಾರಕ್ಕೆ ಜನ ಟಿ.ವಿ. ಆರಿಸುತ್ತಿದ್ದರು. ಪ್ರಶ್ನೆಯನ್ನು ಅವರು ನೋಡುಗರ ಮಡಿಲಿಗೇ ಹಾಕಿ ಹೋಗುತ್ತಿದ್ದುದರಿಂದ, ಊಟದ ಹೊತ್ತಿಗೆ ಅಪ್ಪ ಮಕ್ಕಳು ಬಸೇಸರ್ ರಾಮನ ನೆಪದಲ್ಲಿ ತಮ್ಮದೇ ವಿಷಯ ಮಾತಾಡಬಹುದಾಗಿತ್ತು. ಹೆಸರು ಇನ್ನೊಬ್ಬರದಾದರೆ ಮಾತು ಸಲೀಸು.

ಎಲ್ಲವೂ ಎಣಿಸಿದಂತೆ ಆಗಲಿಲ್ಲ. ಭಾಗವಂತಿಯ ಬಾಳು ನೋಡಿ, ಹೀಗೆ ಸಹಿಸುತ್ತ ಕೂರಬಾರದು ಎಂದು ಹೆಂಗಸರು ಕಲಿಯಲಿ ಎಂಬುದು ಉದ್ದೇಶವಾಗಿತ್ತು. ಈ ಧಾರಾವಾಹಿಯ ಪರಿಣಾಮ ಅಭ್ಯಾಸ ಮಾಡಿದ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಕಂಡದ್ದು ಬೇರೆ: ಅನೇಕ ನೋಡುಗರು ಆಕೆಯ ಸಹನೆಯನ್ನೇ ಮೆಚ್ಚಿ, ಅನುಕರಿಸಬೇಕಾದವಳು ಆಕೆ ಎಂದುಕೊಂಡಿದ್ದರು. ಅರ್ಧ ನಿಮಿಷದಲ್ಲಿ ಅಜ್ಜ ಹೇಳುವ ಮಾತಿಗಿಂತ ಮನೆಯಲ್ಲಿ ಹುಟ್ಟಿನಿಂದ ಕೇಳಿದ ಮಾತಿನ ತೂಕವೇ ಹೆಚ್ಚಾಯಿತೇನೋ. ಹಿಂದಿ ತಿಳಿಯದ ಮದ್ರಾಸಿನಂಥ ಊರುಗಳಲ್ಲಿ ನೋಡುಗರೂ ಕಡಿಮೆಯೇ ಇದ್ದರು.

1985ರ ಡಿಸೆಂಬರ್‌ನಲ್ಲಿ ‘ಹಮ್ ಲೋಗ್’ ಮುಗಿಯಿತು. 150ಕ್ಕೂ ಹೆಚ್ಚು ಕಂತು, ಹದಿನೇಳು ತಿಂಗಳು. ಮರುವರ್ಷ ಕಿರುತೆರೆಯಲ್ಲೇ ಅವರು ಮೊಗಲರ ಕೊನೆಯ ಬಾದಶಹ ಬಹಾದೂರ್ ಶಾ ಜಫರ್ ಆದರು. 1987ರ ಅಕ್ಟೋಬರ್ 13ರಂದು, ಅವರ ಹುಟ್ಟುಹಬ್ಬದ ದಿನವೇ, ತಮ್ಮ ಕಿಶೋರ್ ಕುಮಾರ್ ತೀರಿಕೊಂಡರು. ‘ಕುಳ್ಳ ಏಜೆಂಟ್ 000’ ಚಿತ್ರಕ್ಕಾಗಿ ಕನ್ನಡದಲ್ಲೂ ಹಾಡಿದ್ದ ಕಿಶೋರ್. ಆ ಮೇಲೆ ಅಣ್ಣ ಹುಟ್ಟುಹಬ್ಬ ಆಚರಿಸಲಿಲ್ಲ. 1988ರ ಫಾಲ್ಕೆ ಪ್ರಶಸ್ತಿ ಸಂದಿತು. 2001ರ ಡಿಸೆಂಬರ್ 10ರಂದು ನಿಧನರಾದರು.

ಧಾರಾವಾಹಿ ನಡೆಯುತ್ತಿದ್ದಾಗ ನಾಲ್ಕು ಲಕ್ಷಕ್ಕೂ ಮಿಕ್ಕಿ ಪತ್ರಗಳು ಬಂದವೆಂದು ದಾಖಲೆಯಿದೆ. ಅದರಲ್ಲಿ ಹುಡುಗ ಹುಡುಗಿಯರು ಅಶೋಕ್ ಕುಮಾರ್ ಅವರಿಗೇ ಬರೆದವು ಬಹಳ. ತಾವು ಮೆಚ್ಚಿದವರನ್ನು ಮದುವೆಯಾಗಲು ಅಪ್ಪ ಅಮ್ಮನನ್ನು ನೀವೇ ಒಪ್ಪಿಸಿಕೊಡಿ ಎಂದು ಬೇಡಿಕೆ. ಪಕ್ಕದ ಕೋಣೆಯಲ್ಲಿ ಕುಳಿತ ತಂದೆಗೆ ಹೇಳಲಾಗದ್ದನ್ನು, ಎಂದೂ ಎದುರು ಕಾಣದ ಮುದುಕರೊಬ್ಬರಿಗೆ ಅಂಚೆಯಲ್ಲಿ ಹೇಳಿದ್ದರು. ಬರೆದವರಿಗೆ ಈಗ ಅರವತ್ತರ ಆಸುಪಾಸು. ಅವರ ಮನೆಯಲ್ಲೂ ಮದುವೆಯ ವಯಸ್ಸಿನ ಮಕ್ಕಳಿದ್ದಾರು.